ಗೋಡೆಯ ಗರಿ, ಹಣೆಯ ಬೂದಿ

ನಮ್ಮ ಮನೆಯ ಶಿಲುಬೆಯ ಹಿಂದೆ ತೆಂಗಿನ ಗರಿಯೊಂದು ಸಿಕ್ಕಿಸಿರುತ್ತದೆ. ಈಸ್ಟರ್‌ಗೆ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರ, ಚರ್ಚಿನಿಂದ ತರುವಾಗ ಅದು ಎಳೆ ಹಳದಿ. ಮಲೆನಾಡಿನ ಮಳೆಗಾಲದಲ್ಲಿ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಚಳಿ ಕಳೆಯುವಷ್ಟರಲ್ಲಿ ಒಣಗಿ, ಮುಟ್ಟಿದರೆ ಪುಡಿಯಾಗುತ್ತದೆ. ಆಗ ಅಮ್ಮ ಅದನ್ನು ಪೇಪರಿನಲ್ಲಿ ಸುತ್ತಿ ಚರ್ಚಿಗೆ ಕೊಟ್ಟು ಬರುತ್ತಾರೆ. ಹಾಗೆ ಸೇರಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ‘ಬೂದಿ ಬುಧವಾರ’ದಂದು ನಮ್ಮ ಹಣೆಗೆ ಹಚ್ಚುತ್ತಾರೆ. 'ನೀನು ಮಣ್ಣು, ಮಣ್ಣಿಗೇ ಮರಳುವೆ' ಎನ್ನುತ್ತಾರೆ ಗುರುಗಳು. ಅಲ್ಲಿಂದ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಶುರು.

ಶಿವಮೊಗ್ಗದಲ್ಲಿ ಉಪವಾಸ ಅಂದ್ರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶಿವರಾತ್ರಿ ಆಸುಪಾಸಿನಲ್ಲೇ ಬರುತ್ತದೆ, ಈಚಿನ ವರ್ಷಗಳಲ್ಲಿ ರಂಜಾನ್ ಕೂಡ. ಪಕ್ಕದ ಮನೆಯವರು ಕೇಳುವುದು ಒಂದೇ: 'ಈ ಸಲ ಏನು ಬಿಟ್ರಿ?' ಮಾಂಸ ಬಿಟ್ಟೆ, ಟೀ ಬಿಟ್ಟೆ ಅಂತೀವಿ. ಆದರೆ ಈ ಉಪವಾಸದ ಚರಿತ್ರೆಯಲ್ಲಿ ಹಿಂದಕ್ಕೆ ಹೋದಷ್ಟೂ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಯಾರ ಜೊತೆ?

ಕ್ರೈಸ್ತರ ತೀರಾ ಹಳೆಯ ಬರಹಗಳಲ್ಲೊಂದು 'ದಿದಾಖೆ'. ಜ್ಞಾನಸ್ನಾನ (ಕ್ರೈಸ್ತರಾಗುವಾಗಿನ ನೀರಿನ ವಿಧಿ) ಪಡೆಯುವವರು ಒಂದೆರಡು ದಿನ ಮೊದಲೇ ಉಪವಾಸ ಇರಬೇಕು, ಕೊಡುವವರೂ ಇರಲಿ, ಕೈಲಾದ ಬೇರೆಯವರೂ ಇರಲಿ ಎನ್ನುತ್ತದೆ ಅದು. ಹೊಸಬರನ್ನು ಹಸಿವಿನಲ್ಲಿ ಒಂಟಿ ಬಿಡಬಾರದು, ಅಷ್ಟೇ. ನನಗೆ ಇಡೀ ತಪಸ್ಸು ಕಾಲದ ಬೇರು ಕಾಣುವುದು ಈ ಒಂದು ಮಾತಿನಲ್ಲಿ.

2ನೇ ಶತಮಾನದ ಕೊನೆಯಲ್ಲೂ ಪಾಸ್ಕದ, ಅಂದರೆ ಈಸ್ಟರ್‌ನ, ಉಪವಾಸ ಕೆಲವರಿಗೆ ಒಂದು ದಿನ, ಕೆಲವರಿಗೆ ಎರಡು, ಕೆಲವರಿಗೆ ಇನ್ನೂ ಜಾಸ್ತಿ. 325ರಲ್ಲಿ ಬಿಷಪರು ಸೇರಿದ ನೈಸಿಯಾ ಸಭೆಯ ನಿಯಮಗಳಲ್ಲಿ ಈ ಕಾಲಕ್ಕೆ 'ನಲವತ್ತು' ಎಂಬ ಹೆಸರೇ ಬಂದಿದೆ. ಯೇಸು ಮರುಭೂಮಿಯಲ್ಲಿ ಕಳೆದ 40 ದಿನಗಳ ನೆನಪು ಅದು. ನಮ್ಮ ಕೊಂಕಣಿ ಮನೆಗಳಲ್ಲಿ ತಪಸ್ಸು ಕಾಲಕ್ಕೆ ಹೇಳುವ 'ಕರೆಜ್ಮ್' ಕೂಡ ಪೋರ್ಚುಗೀಸರ ಮೂಲಕ ಬಂದ ಅದೇ ನಲವತ್ತರ ಲೆಕ್ಕ. ಭದ್ರಾವತಿ ಕಡೆ ನೆಲೆಸಿದ ಕೇರಳ ಮೂಲದ ಸಿರೋ ಮಲಬಾರ್ ಕ್ರೈಸ್ತರ ಮನೆಗಳಲ್ಲಿ ಬೂದಿ ಬುಧವಾರಕ್ಕೆ ಮೊದಲ ಸೋಮವಾರವೇ 'ಐವತ್ತು ನೋಂಬು', ಅಂದರೆ ಐವತ್ತು ದಿನದ ಉಪವಾಸ, ಶುರುವಾಗಿರುತ್ತದೆ.

ಬೂದಿಯ ಕಥೆಯಲ್ಲೂ ಅದೇ 'ಯಾರ ಜೊತೆ?' ಮೊದಲು ದೊಡ್ಡ ತಪ್ಪು ಮಾಡಿ, ಎಲ್ಲರೆದುರು ಪ್ರಾಯಶ್ಚಿತ್ತಕ್ಕೆ ನಿಂತವರ ತಲೆಗೆ ಅದು ಬೀಳುತ್ತಿತ್ತು. ಕ್ರಮೇಣ ಉಳಿದವರೂ ಅವರ ಪಕ್ಕ ತಲೆಬಾಗಿದರು. 1091ರಲ್ಲಿ ಇಟಲಿಯ ಬೆನೆವೆಂತೊದಲ್ಲಿ ನಡೆದ ಚರ್ಚಿನ ಸಭೆ, ಗುರುಗಳು, ಜನಸಾಮಾನ್ಯರು ಅನ್ನದೆ ಎಲ್ಲರಿಗೂ ಬೂದಿ ಎಂದಿತು. ತಪ್ಪು ಮಾಡಿದವನು ಯಾರು ಅಂತ ಸಾಲು ನೋಡಿ ಈಗ ಹೇಳಲಾಗದು. ಅದು ಎಷ್ಟು ದೊಡ್ಡ ಕರುಣೆ ಅಲ್ವಾ?

1966ರಲ್ಲಿ ಪೋಪ್ ಆರನೇ ಪೌಲ್ ಉಪವಾಸದ ನಿಯಮ ಸಡಿಲಿಸಿದರು. ಈಗ ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಮಾತ್ರ, ಅದೂ 18ರಿಂದ 59 ವಯಸ್ಸಿನವರಿಗೆ. ಸುಲಭವಾಯಿತು ಅಂತ ಹಿರಿಯರು ಗೊಣಗುವುದುಂಟು. ನನಗೆ ಹಾಗನಿಸುವುದಿಲ್ಲ. ಬೂದಿ ಬುಧವಾರ ಕಳೆದು ಬರುವ ಶುಕ್ರವಾರವೇ ಚರ್ಚಿನಲ್ಲಿ ಬೈಬಲ್ಲಿನ ಪ್ರವಾದಿ ಯೆಶಾಯನ ವಾಚನ ಬರುತ್ತದೆ: ದೇವರು ಮೆಚ್ಚುವ ಉಪವಾಸ ಎಂದರೆ ಹಸಿದವರಿಗೆ ನಿನ್ನ ಆಹಾರ ಹಂಚುವುದು. ಇದನ್ನು ಯಾವ ನಿಯಮವೂ ಸಡಿಲಿಸಿಲ್ಲ.

ನಮ್ಮಲ್ಲಿ ಶುಕ್ರವಾರ ರಾತ್ರಿ ಗಂಜಿ, ಮಿಡಿ ಉಪ್ಪಿನಕಾಯಿ. ಅಮ್ಮ ಎಂದಿನಂತೆ ಅನ್ನಕ್ಕೆ ಅಕ್ಕಿ ಅಳೆಯುತ್ತಾರೆ. ಗಂಜಿಗೆ ಬೇಕಾದಷ್ಟು ಪಾತ್ರೆಗೆ, ಉಳಿದದ್ದು ಹಳೇ ಬಿಸ್ಕತ್ತಿನ ಡಬ್ಬಿಗೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ, ಆ ಡಬ್ಬಿ ಚರ್ಚಿಗೆ ಹೋಗುತ್ತದೆ. ಎಷ್ಟು ತುಂಬಿತು ಅಂತ ನಾನು ಈಗಲೂ ಮುಚ್ಚಳ ತೆಗೆದು ನೋಡುತ್ತೇನೆ.