ಅನಂತ್ ನಾಗ್ ಅವರಿಗೆ ಇಷ್ಟು ತಡವಾಗಿದ್ದೇಕೆ? ಮುಗಿಯದ ಒಂದು ಚರ್ಚೆಯ ಹಿನ್ನೆಲೆ

2025ರ ಜನವರಿ 25ರ ಸಂಜೆ ಪದ್ಮ ಪಟ್ಟಿ ಹೊರಬಿತ್ತು. ಪದ್ಮಭೂಷಣದ ಸಾಲಿನಲ್ಲಿ ಅನಂತ್ ನಾಗ್ ಹೆಸರಿತ್ತು. ಇಲ್ಲಿಗೆ ಈ ವಿಷಯ ಮುಗೀತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮುಂದಿನದು ಸಿನಿಮಾದ ಅತ್ಯುನ್ನತ ಗೌರವವಾದ ದಾದಾಸಾಹೇಬ್ ಫಾಲ್ಕೆಯಾ, ಪದ್ಮವಿಭೂಷಣವಾ, ರಾಷ್ಟ್ರಪ್ರಶಸ್ತಿ ಇನ್ನೂ ಬರೋ ಸಾಧ್ಯತೆ ಇದೆಯಾ, ಇಷ್ಟು ದಿನ ತಡೆದವರು ಯಾರು ಅಂತ ಅಭಿಮಾನಿಗಳ ಮಾತು ಇನ್ನೂ ಜಾಸ್ತಿಯೇ ಆಯ್ತು. ಆ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ಪ್ರಶಸ್ತಿಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ. ಹಾಗಾಗಿ ಮೊದಲಿನಿಂದ ಒಂದ್ಸಲ ಬಿಡಿಸಿ ನೋಡೋಣ ಅನ್ನಿಸಿತು.

ಮೊದಲು ರಾಷ್ಟ್ರಪ್ರಶಸ್ತಿ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಶುರುವಾಗಿದ್ದು 1954ರಲ್ಲಿ. ಆದರೆ ನಟನೆಗೆ ಅಂತ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ದು 1967ರ ಚಿತ್ರಗಳಿಂದ. ಅಲ್ಲಿಂದ ಇಲ್ಲಿಯವರೆಗೆ ಕನ್ನಡ ಚಿತ್ರದ ಪಾತ್ರಕ್ಕೆ ಉತ್ತಮ ನಟ ಪ್ರಶಸ್ತಿ ಪಡೆದವರು ಬೆರಳೆಣಿಕೆಯಷ್ಟು ಜನ. 'ಚೋಮನ ದುಡಿ'ಗೆ ಎಂ.ವಿ. ವಾಸುದೇವರಾವ್, 'ತಬರನ ಕಥೆ'ಗೆ ಚಾರುಹಾಸನ್, 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್, 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ. ಈ ಸಾಲಿನಲ್ಲಿ ರಾಜ್‌ಕುಮಾರ್ ಇಲ್ಲ. ವಿಷ್ಣುವರ್ಧನ್ ಇಲ್ಲ. ಅಣ್ಣಾವ್ರಿಗೆ ರಾಷ್ಟ್ರಪ್ರಶಸ್ತಿ ಬಂತು, ಆದರೆ ಅದು ಬಂದಿದ್ದು ಹಾಡಿದ್ದಕ್ಕೆ, 'ಜೀವನ ಚೈತ್ರ' ಚಿತ್ರದ ಗಾಯನಕ್ಕೆ. ಅಂದರೆ ನಾವು ಕೊರಗುತ್ತಿರೋದು ಅನಂತ್ ನಾಗ್ ಒಬ್ಬರ ವಿಷಯದಲ್ಲಿ ಆದ ವಿಚಿತ್ರದ ಬಗ್ಗೆ ಅಲ್ಲ. ಮನೆಮಂದಿಯೆಲ್ಲ ಕೂತು ನೋಡಿದ ಕನ್ನಡ ಸಿನಿಮಾ ಒಂದು ಕಡೆ, ದೆಹಲಿಗೆ ಹೋಗಿ ಗೆದ್ದ ಕನ್ನಡ ಸಿನಿಮಾ ಇನ್ನೊಂದು ಕಡೆ. ಎಪ್ಪತ್ತರ ದಶಕದಿಂದಲೂ ಹೀಗೆಯೇ ಇತ್ತು.

ಅನಂತ್ ನಾಗ್ ವಿಶೇಷ ಅಂದರೆ ಅವರು ಎರಡೂ ಕಡೆ ಇದ್ದರು.

ಬಾಲ್ಯ ಶಿರಾಲಿಯ ಚಿತ್ರಾಪುರ ಮಠ, ಕಾಞಂಗಾಡಿನ ಆನಂದಾಶ್ರಮದಲ್ಲಿ, ಆಮೇಲೆ ಮುಂಬೈ. ಅಲ್ಲಿ ಕೊಂಕಣಿ, ಕನ್ನಡ, ಮರಾಠಿ ನಾಟಕಗಳು, ಸತ್ಯದೇವ ದುಬೆ ಅವರ ರಂಗಭೂಮಿ. 1973ರಲ್ಲಿ 'ಸಂಕಲ್ಪ', ಮರುವರ್ಷವೇ ಶ್ಯಾಮ್ ಬೆನೆಗಲ್ ಅವರ 'ಅಂಕುರ್'. ಆಮೇಲೆ 'ಹಂಸಗೀತೆ', 'ನಿಶಾಂತ್', 'ಮಂಥನ್', 'ಭೂಮಿಕಾ'. ಇದನ್ನೆಲ್ಲ ಒಂದೇ ಸಾಲಿನಲ್ಲಿ ಹೇಳಿ ಮುಗಿಸೋದು ತಪ್ಪೇ. ಆದರೆ 'ಅಂಕುರ್' ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಆ ಚಿತ್ರದಲ್ಲಿ ಮೂರು ಮುಖ್ಯ ಪಾತ್ರಗಳು. ಜಮೀನ್ದಾರನ ಮಗ, ಅವನ ಮನೆಯ ಕೆಲಸದ ಹೆಣ್ಣು, ಅವಳ ಮೂಗ ಗಂಡ. ಕೆಲಸದವಳಾಗಿದ್ದ ಶಬಾನಾ ಆಜ್ಮಿಗೆ ಉತ್ತಮ ನಟಿ ಪ್ರಶಸ್ತಿ ಬಂತು. ಗಂಡನ ಪಾತ್ರ ಮಾಡಿದ ಸಾಧು ಮೆಹರ್ ಅವರಿಗೆ ಉತ್ತಮ ನಟ ಪ್ರಶಸ್ತಿ ಬಂತು. ಆ ಇಬ್ಬರೂ ಯೋಗ್ಯರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೆಯವನಿಲ್ಲದೆ ಆ ಕಥೆ ನಿಲ್ಲುತ್ತಾ? ಅವನು ಪೂರ್ತಿ ಕೆಟ್ಟವನಲ್ಲ, ಒಳ್ಳೆಯವನಂತೂ ಅಲ್ಲವೇ ಅಲ್ಲ, ಹೇಡಿ. ಆ ಹೇಡಿತನವನ್ನು ಇಪ್ಪತ್ತೈದು ದಾಟಿದ ಹುಡುಗ ಮುಖ ಗಂಟಿಕ್ಕದೆ, ದನಿ ಏರಿಸದೆ ತೋರಿಸಿದ. ಮುಂದಿನ ಐವತ್ತು ವರ್ಷಗಳ ತೊಡಕಿನ ಬೀಜ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅವರ ನಟನೆ ನಟನೆಯ ಹಾಗೆ ಕಾಣೋದಿಲ್ಲ.

ಬೆನೆಗಲ್ ಚಿತ್ರಗಳ ಆ ಬಳಗದ ಉಳಿದವರ ಲೆಕ್ಕ ನೋಡಿ. ಸ್ಮಿತಾ ಪಾಟೀಲ್ ಅವರಿಗೆ 1985ರಲ್ಲಿ ಪದ್ಮಶ್ರೀ, ನಾಸಿರುದ್ದೀನ್ ಶಾ ಅವರಿಗೆ 1987ರಲ್ಲಿ, ಶಬಾನಾ ಅವರಿಗೆ 1988ರಲ್ಲಿ, ಓಂ ಪುರಿ ಅವರಿಗೆ 1990ರಲ್ಲಿ. ಅದೇ ಹೊತ್ತಿಗೆ ಅನಂತ್ ನಾಗ್ ಏನು ಮಾಡುತ್ತಿದ್ದರು? ಬೆಂಗಳೂರಿನಲ್ಲಿ ಕನ್ನಡ ಸಿನಿಮಾ ಮಾಡುತ್ತಿದ್ದರು.

ನನಗೆ ಚೆನ್ನಾಗಿ ಗೊತ್ತಿರೋದು ಈ ಕಾಲವೇ. ನಮ್ಮ ಮನೆಯಲ್ಲಿ ಭಾನುವಾರ ಸಂಜೆ ದೂರದರ್ಶನದಲ್ಲಿ ಅನಂತ್ ನಾಗ್ ಚಿತ್ರ ಇದೆ ಅಂದರೆ ಅಮ್ಮ ಅಡುಗೆ ಬೇಗ ಮುಗಿಸುತ್ತಿದ್ದರು. ಪಕ್ಕದ ಮನೆಯ ಅಜ್ಜಿ ತಮ್ಮ ಮಣೆ ತಾವೇ ತಂದುಕೊಂಡು ಕೂರುತ್ತಿದ್ದರು. 'ನಮ್ಮ ಅನಂತು ಬಂದ' ಅನ್ನೋರು. ರಾಜ್‌ಕುಮಾರ್ ಬಂದರೆ ಕೈ ಮುಗಿಯೋ ಅಜ್ಜಿ ಅವರು. ಅನಂತ್ ನಾಗ್ ಬಂದರೆ ಮಾತ್ರ ಮೊಮ್ಮಗ ಬಂದ ಹಾಗೆ.

1979ರಿಂದ 1990ರವರೆಗಿನ ಆ ಹನ್ನೆರಡು ವರ್ಷ ಅವರು ಮಾಡಿದ ಪಾತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರೇ ಮಾಡಿದ್ದು ಅಂತ ನಂಬೋದು ಕಷ್ಟ. 'ನಾ ನಿನ್ನ ಬಿಡಲಾರೆ'ಯಲ್ಲಿ ದೆವ್ವ ಮೆಟ್ಟಿದ ಗಂಡ. ಆ ಕಾಲದ ಮಕ್ಕಳು ರಾತ್ರಿ ಒಬ್ಬರೇ ಹಿತ್ತಲಿಗೆ ಹೋಗೋಕೆ ಹೆದರುತ್ತಿದ್ದಿದ್ದು ಸುಳ್ಳಲ್ಲ. ಅದೇ ವರ್ಷ ದೊರೆ-ಭಗವಾನ್ ಅವರ 'ಚಂದನದ ಗೊಂಬೆ'. ತ.ರಾ.ಸು. ಕಾದಂಬರಿ, ಲಕ್ಷ್ಮಿ ಜೋಡಿ. ಎಂ.ಎಸ್. ಸತ್ಯು ಅವರ 'ಬರ', ಅದರಲ್ಲಿ ಬರಪೀಡಿತ ಜಿಲ್ಲೆಯ ಜಿಲ್ಲಾಧಿಕಾರಿ. 1980ರಲ್ಲಿ ತಮ್ಮ ಶಂಕರ್ ನಿರ್ದೇಶಿಸಿದ 'ಮಿಂಚಿನ ಓಟ'ದಲ್ಲಿ ಕಾರು ಕಳ್ಳ. 1983ರಲ್ಲಿ 'ಬೆಂಕಿಯ ಬಲೆ', 'ಮುದುಡಿದ ತಾವರೆ ಅರಳಿತು'. 1987ರಲ್ಲಿ ಅನಂತಮೂರ್ತಿ ಅವರ ಕಾದಂಬರಿ ಆಧರಿಸಿದ 'ಅವಸ್ಥೆ'ಯ ಕೃಷ್ಣಪ್ಪ ಗೌಡ. ಅತ್ತ ಕಿರುತೆರೆಯ 'ಮಾಲ್ಗುಡಿ ಡೇಸ್'ನಲ್ಲಿ ಸಿಹಿತಿಂಡಿ ಮಾರುವ ಜಗನ್, ಬೆಳೆದ ಮಗನ ಮುಂದೆ ಸೋತು ಹೋಗುವ ಅಪ್ಪ. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ.

ಆಮೇಲೆ ಶುರುವಾಯ್ತು ನಗು. 'ಹೆಂಡ್ತಿಗೆ ಹೇಳ್ಬೇಡಿ', 'ಗಣೇಶನ ಮದುವೆ', 'ಗೋಲ್‌ಮಾಲ್ ರಾಧಾಕೃಷ್ಣ', 'ಗೌರಿ ಗಣೇಶ'. ಇವನ್ನೆಲ್ಲ ಸುಮ್ನೆ ಕಾಮಿಡಿ ಅಂತ ಪಕ್ಕಕ್ಕಿಡೋರು ಇದ್ದಾರೆ. ನಾನು ಅದನ್ನು ಒಪ್ಪೋದಿಲ್ಲ. 'ಗಣೇಶನ ಮದುವೆ' ತೆಗೆದುಕೊಳ್ಳಿ. ಒಂದು ವಠಾರ. ಎದುರುಬದುರು ಮನೆಯ ಹುಡುಗ ಹುಡುಗಿ ದಿನಾ ಜಗಳ ಆಡ್ತಾರೆ. ಅವಳೇ ತಾನು ಮೆಚ್ಚಿ ಪತ್ರ ಬರೆಯುವ ಗಾಯಕಿ ಅಂತ ಅವನಿಗೆ ಗೊತ್ತಿಲ್ಲ. ಪತ್ರ ಬರೆಯೋನು ಇವನೇ ಅಂತ ಅವಳಿಗೂ ಗೊತ್ತಿಲ್ಲ. ಈ ಕಥೆಯಲ್ಲಿ ನಾಯಕ ಒಂದು ಚೂರು ಜಾಸ್ತಿ ಕುಣಿದರೂ ಸಿನಿಮಾ ಬಿದ್ದು ಹೋಗುತ್ತದೆ. ಅನಂತ್ ನಾಗ್ ಕುಣಿಯಲಿಲ್ಲ. ನಮ್ಮ ವಠಾರದಲ್ಲೇ ಬಾಡಿಗೆಗಿದ್ದ ಬ್ರಹ್ಮಚಾರಿಯ ಹಾಗೆ ಓಡಾಡಿದರು. ಅದೇ 1990ರ 'ಉದ್ಭವ'ದಲ್ಲಿ ಊರಿನ ರಸ್ತೆ ಅಗಲ ಮಾಡೋದನ್ನೇ ಬಂಡವಾಳ ಮಾಡಿಕೊಂಡ ಚಾಣಾಕ್ಷ. ಗಣೇಶ ಉದ್ಭವ ಆದ ಅಂತ ಊರೇ ನಂಬುತ್ತದೆ. ಆ ಮನುಷ್ಯನನ್ನು ನೋಡಿ ನಗು ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಭಯ ಆಗುತ್ತದೆ. ಯಾಕಂದರೆ ಅಂಥವರು ನಮ್ಮೂರಲ್ಲೂ ಇದ್ದಾರೆ ಅಲ್ವಾ?

ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಅಣ್ಣ ತಮ್ಮ ಸೇರಿ ಇನ್ನೂ ಏನೇನು ಮಾಡುತ್ತಿದ್ದರೋ.

ಈಗ ಪ್ರಶಸ್ತಿಗೆ ಬರೋಣ. ರಾಷ್ಟ್ರಪ್ರಶಸ್ತಿ ಹೇಗೆ ಬರುತ್ತದೆ ಅನ್ನೋದು ಅಭಿಮಾನಿಗಳಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ತೀರ್ಪುಗಾರರು ದೇಶದ ಎಲ್ಲ ಸಿನಿಮಾ ಹುಡುಕಿ ನೋಡೋದಿಲ್ಲ. ಆ ವರ್ಷ ಸೆನ್ಸಾರ್ ಆದ ಚಿತ್ರವನ್ನು ನಿರ್ಮಾಪಕರು ಅರ್ಜಿ ಹಾಕಿ ಕಳಿಸಬೇಕು. ಕಳಿಸಿದರೆ ಮಾತ್ರ ನೋಡುತ್ತಾರೆ. ಈಗ ಮೊದಲು ಪ್ರಾದೇಶಿಕ ಸಮಿತಿ, ಆಮೇಲೆ ಕೇಂದ್ರ ಸಮಿತಿ ಅಂತ ಎರಡು ಹಂತ ಇದೆ. ಮಧ್ಯಮ ಬಜೆಟ್‌ನ ಸಂಸಾರದ ಚಿತ್ರ, ನಗೆಚಿತ್ರ ಮಾಡುವ ನಿರ್ಮಾಪಕರಿಗೆ ಚಿತ್ರಮಂದಿರದ ಗಳಿಕೆಯ ಚಿಂತೆಯೇ ದೊಡ್ಡದು. ದೆಹಲಿ ಅವರ ಲೆಕ್ಕದಲ್ಲೇ ಇರುತ್ತಿರಲಿಲ್ಲ ಅನ್ನೋದನ್ನು ಅರ್ಥ ಮಾಡಿಕೊಳ್ಳಬಹುದು. ಕಳಿಸಿದ್ದರೂ ನಗೆಚಿತ್ರದ ನಾಯಕನಿಗೆ ಉತ್ತಮ ನಟ ಕೊಡುವ ರೂಢಿ ಆಗಲೂ ಇರಲಿಲ್ಲ, ಈಗಲೂ ಅಪರೂಪ. ರಾಜ್ಯ ಪ್ರಶಸ್ತಿ ಅವರಿಗೆ ಒಂದಕ್ಕಿಂತ ಜಾಸ್ತಿ ಸಲ ಬಂತು, ಫಿಲ್ಮ್‌ಫೇರ್ ಬಂತು. ದೆಹಲಿಯದು ಬರಲಿಲ್ಲ.

ಪದ್ಮದ ದಾರಿಯೇ ಬೇರೆ. ಅದಕ್ಕೆ ಸಿನಿಮಾ ಕಳಿಸುವ ಹಾಗಿಲ್ಲ, ಹೆಸರು ಕಳಿಸಬೇಕು. ಮೊದಲೆಲ್ಲ ರಾಜ್ಯ ಸರ್ಕಾರ, ಕೇಂದ್ರದ ಇಲಾಖೆಗಳು, ದೊಡ್ಡವರ ಶಿಫಾರಸು ಇವುಗಳ ಮೇಲೆಯೇ ಹೆಚ್ಚು ನಡೆಯುತ್ತಿತ್ತು. ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯ ಸಮಿತಿ ಪಟ್ಟಿ ಮಾಡುತ್ತದೆ, ಪ್ರಧಾನಿ ಮತ್ತು ರಾಷ್ಟ್ರಪತಿ ಒಪ್ಪಬೇಕು. ವರ್ಷಕ್ಕೆ ಸಾಮಾನ್ಯವಾಗಿ 120ರ ಮಿತಿ. ಇಡೀ ದೇಶ, ಎಲ್ಲ ಕ್ಷೇತ್ರ ಸೇರಿ 120. ಇದರ ಮಧ್ಯೆ ಇನ್ನೊಂದು ಸಂಗತಿ ನಡೆಯಿತು. ಯಾರೂ ಇದನ್ನು ನೆನಪಿಸಿಕೊಳ್ಳೋದಿಲ್ಲ. 1993ರಿಂದ 1997ರವರೆಗೆ ಪದ್ಮ ಪ್ರಶಸ್ತಿಗಳನ್ನು ಕೊಡಲೇ ಇಲ್ಲ. ಪ್ರಶ್ನೆ ನ್ಯಾಯಾಲಯದಲ್ಲಿತ್ತು. ಇದು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 'ಪದ್ಮಭೂಷಣ ಅನಂತ್ ನಾಗ್' ಅಂತ ಬ್ಯಾನರ್ ಹಾಕೋ ಗೆಳೆಯರು ಇದನ್ನೊಮ್ಮೆ ಗಮನಿಸಬೇಕು. ಆ ಐದು ವರ್ಷದ ಖಾಲಿ ಜಾಗ ಬಿದ್ದಿದ್ದು ಸರಿಯಾಗಿ ಅನಂತ್ ನಾಗ್ ಅವರ ಅತ್ಯಂತ ತುಂಬಿದ ಕಾಲದ ಬೆನ್ನಿಗೆ. 1995ರಲ್ಲಿ ಬಂದ 'ಬೆಳದಿಂಗಳ ಬಾಲೆ'ಯಲ್ಲಿ ಚದುರಂಗದ ಗ್ರ್ಯಾಂಡ್‌ಮಾಸ್ಟರ್ ರೇವಂತ್ ಮುಖವೇ ಕಾಣದ ಹುಡುಗಿಯ ದನಿಗೆ ಮನಸೋಲುತ್ತಾನೆ. ಎದುರಿಗೆ ಯಾರೂ ಇಲ್ಲದೆ, ಕೈಯಲ್ಲಿ ಫೋನ್ ಹಿಡಿದು ಅಷ್ಟು ದೊಡ್ಡ ಪ್ರೇಮಕಥೆ ಹೊರೋದು ಸಣ್ಣ ಕೆಲಸವಲ್ಲ.

ಆ ಹೊತ್ತಿಗೆ ಅವರು ರಾಜಕೀಯದಲ್ಲೂ ಇದ್ದರು. 1994ರಲ್ಲಿ ಮಲ್ಲೇಶ್ವರದಿಂದ ಶಾಸಕ, ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿ. ಪ್ರಶಸ್ತಿ ತಪ್ಪಿದ್ದಕ್ಕೆ ಇದೇ ಕಾರಣ ಅಂತ ಕೆಲವರು, ಅವರು ಯಾರ ಬಾಗಿಲಿಗೂ ಹೋಗದವರು ಅಂತ ಕೆಲವರು. ಎರಡಕ್ಕೂ ಯಾರ ಹತ್ತಿರವೂ ಪುರಾವೆ ಇಲ್ಲ. ಆಮೇಲೆ ಎಷ್ಟೋ ಸರ್ಕಾರ ಬಂದು ಹೋದವು, ಬೇರೆ ಬೇರೆ ಪಕ್ಷದವು. ಒಬ್ಬರ ಮೇಲೆ ಬೆರಳು ತೋರಿಸಿದರೆ ಮನಸ್ಸಿಗೆ ಸಮಾಧಾನ ಆಗಬಹುದು, ಲೆಕ್ಕ ಸರಿಹೋಗೋದಿಲ್ಲ.

ಹೊಸ ತಲೆಮಾರು ಅವರನ್ನು ಕಂಡುಕೊಂಡಿದ್ದು ಅಪ್ಪನಾಗಿ. 2006ರ 'ಮುಂಗಾರು ಮಳೆ'ಯ ಕರ್ನಲ್‌ನಿಂದ ಶುರು. 2016ರಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂತು. ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಥಿಯೇಟರ್‌ನಲ್ಲಿ ನನ್ನ ಪಕ್ಕ ಕೂತಿದ್ದವರು ಸಿನಿಮಾ ಮುಗಿದ ತಕ್ಷಣ ಮನೆಗೆ ಫೋನ್ ಮಾಡಿ 'ಅಪ್ಪ ಊಟ ಮಾಡಿದ್ರಾ' ಅಂತ ಕೇಳಿದ್ದು ನನಗೆ ಇನ್ನೂ ನೆನಪಿದೆ. ಈ ಸಲ ಬಂದೇ ಬರುತ್ತದೆ ಅಂತ ಎಲ್ಲರೂ ನಂಬಿದ್ದೆವು. ಆ ವರ್ಷದ ಉತ್ತಮ ನಟ ಪ್ರಶಸ್ತಿ ಹಿಂದಿಯ 'ರುಸ್ತುಂ' ಚಿತ್ರಕ್ಕೆ ಅಕ್ಷಯ್ ಕುಮಾರ್ ಅವರಿಗೆ ಹೋಯಿತು. ನಮ್ಮವರ ನೋವು ಸಿಟ್ಟಾಗಿ ತಿರುಗಿದ್ದು ಅಲ್ಲಿಂದಲೇ ಅಂತ ನನ್ನ ಅನಿಸಿಕೆ.

ಆ ಸಿಟ್ಟಿಗೆ ಒಂದು ದಾರಿ ಸಿಕ್ಕಿದ್ದು 2021ರ ಜುಲೈನಲ್ಲಿ. ಪದ್ಮಕ್ಕೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಸೂಚಿಸಬಹುದು ಅನ್ನೋ ವ್ಯವಸ್ಥೆ ಅಷ್ಟರಲ್ಲಿ ಬಂದಿತ್ತು. ನಿಮಗೆ ಗೊತ್ತಿರುವ ಸಾಧಕರ ಹೆಸರು ಕಳಿಸಿ ಅಂತ ಪ್ರಧಾನಿ ಟ್ವೀಟ್ ಮಾಡಿದ್ದೇ ತಡ, ಕನ್ನಡಿಗರು ಅನಂತ್ ನಾಗ್ ಹೆಸರಿನಲ್ಲಿ ಹ್ಯಾಶ್‌ಟ್ಯಾಗ್ ಹಿಡಿದು ಹೊರಟರು. ಚಿತ್ರರಂಗದವರೂ ಸೇರಿಕೊಂಡರು. ಒಂದು ಜಾತಿ, ಒಂದು ಊರು, ಒಬ್ಬ ಸ್ಟಾರ್‌ನ ಅಭಿಮಾನಿ ಸಂಘ ಅಂತಿಲ್ಲದೆ ಎಲ್ಲರೂ ಒಂದೇ ಹೆಸರು ಹೇಳಿದ್ದು ನಾನು ನೋಡಿದ್ದು ಅದೇ ಮೊದಲು. ಆದರೆ ಹ್ಯಾಶ್‌ಟ್ಯಾಗ್ ಅರ್ಜಿಯಲ್ಲ. ಪೋರ್ಟಲ್‌ಗೆ ಹೋಗಿ ನಮೂನೆ ತುಂಬಬೇಕು, 800 ಪದದೊಳಗೆ ಸಾಧನೆ ಬರೆಯಬೇಕು. ಎಷ್ಟು ಜನ ಸೂಚಿಸಿದರು ಅನ್ನೋದಕ್ಕಿಂತ ಏನು ಬರೆದರು ಅನ್ನೋದು ಮುಖ್ಯ. ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ಕೊನೆಗೆ 2025ರಲ್ಲಿ ಪದ್ಮಶ್ರೀಯ ಮೆಟ್ಟಿಲು ಹತ್ತದೆ ನೇರ ಪದ್ಮಭೂಷಣವೇ ಬಂತು. ಅದೇ ಪಟ್ಟಿಯಲ್ಲಿ ನಮ್ಮ ಸಾಹಸ ನಿರ್ದೇಶಕ ಹಾಸನ ರಘು ಅವರಿಗೂ ಪದ್ಮಶ್ರೀ ಇತ್ತು. ಆ ಸಂತೋಷಕ್ಕೆ ನಾವು ಕೊಟ್ಟ ಜಾಗ ಕಮ್ಮಿಯಾಯ್ತು.

ಇನ್ನು ಮುಂದಿನದು. ಒಂದು ಪದ್ಮದಿಂದ ಮೇಲಿನ ಪದ್ಮಕ್ಕೆ ಸಾಮಾನ್ಯವಾಗಿ ಐದು ವರ್ಷ ಅಂತರ ಇರಬೇಕು. ಹಾಗಾಗಿ ಪದ್ಮವಿಭೂಷಣದ ಮಾತು 2030ರವರೆಗೆ ಬಿಟ್ಟುಬಿಡೋದು ಒಳ್ಳೆಯದು. ಫಾಲ್ಕೆಗೆ ಅಂಥ ಅಂತರ ಇಲ್ಲ. 1969ರ ಮೊದಲ ಫಾಲ್ಕೆ ಪಡೆದ ದೇವಿಕಾ ರಾಣಿ ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದ್ದವರು, ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು. ಆದರೆ ಕನ್ನಡ ತೆರೆಯ ನಟನಿಗೆ ಅಂತ ಬಂದಿದ್ದು 1995ರಲ್ಲಿ ರಾಜ್‌ಕುಮಾರ್ ಅವರಿಗೆ ಮಾತ್ರ. ಈಚೆಗೆ ರಜನಿಕಾಂತ್, ಮಿಥುನ್ ಚಕ್ರವರ್ತಿ, ಮೋಹನ್‌ಲಾಲ್ ಅವರಿಗೆ ಬಂದಿದೆ. ಆ ಸಾಲಿನಲ್ಲಿ ಅನಂತ್ ನಾಗ್ ಕೂರಬಾರದು ಅನ್ನೋಕೆ ನನಗಂತೂ ಒಂದೂ ಕಾರಣ ಕಾಣೋದಿಲ್ಲ. ರಾಷ್ಟ್ರಪ್ರಶಸ್ತಿಯ ಬಾಗಿಲೂ ಮುಚ್ಚಿಲ್ಲ. ಅವರು ಪಾತ್ರ ಮಾಡುವವರೆಗೂ ಪೋಷಕ ನಟ ವಿಭಾಗ ಇದೆ. ನಿರ್ಮಾಪಕರು ನೆನಪಿಟ್ಟು ಅರ್ಜಿ ಹಾಕಬೇಕು ಅಷ್ಟೇ.

2021ರಲ್ಲಿ ನನ್ನ ವಾಟ್ಸಾಪ್‌ಗೆ ಒಂದು ಮಾದರಿ ಶಿಫಾರಸು ಪತ್ರ ಬಂದಿತ್ತು, ಇದನ್ನೇ ಕಾಪಿ ಮಾಡಿ ಹಾಕಿ ಅಂತ. ಅದು 'ಕೆ.ಜಿ.ಎಫ್.'ನಿಂದ ಶುರುವಾಗಿ 'ಮುಂಗಾರು ಮಳೆ'ಗೆ ಬಂದು ನಿಂತಿತ್ತು. ಬರೆದವರ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಅದರಲ್ಲಿ 'ಬರ' ಇರಲಿಲ್ಲ, 'ಅವಸ್ಥೆ' ಇರಲಿಲ್ಲ, 'ಉದ್ಭವ' ಇರಲಿಲ್ಲ. ಆ ರಾತ್ರಿ ಕೂತು ನಾನೇ ಹೊಸದಾಗಿ ಬರೆದೆ. ಎಷ್ಟು ತೆಗೆದರೂ 800 ಪದದೊಳಗೆ ಹಿಡಿಸಲಿಲ್ಲ. ಕೊನೆಗೆ 'ಗೌರಿ ಗಣೇಶ'ವನ್ನು ಬಿಡಬೇಕಾಯ್ತು, ಅದು ಇನ್ನೂ ಬೇಜಾರಿದೆ.