ಆಮ್ಲಜನಕಕ್ಕೆ ಬಗ್ಗದ ಹದಿಮೂರು

ಅಲ್ಯೂಮಿನಿಯಂ ಪಾತ್ರೆಯನ್ನು ಎಷ್ಟು ಉಜ್ಜಿದರೂ ಅದರ ಮೈಮೇಲೆ ಮರುಕ್ಷಣವೇ ಆಕ್ಸೈಡ್ ಪೊರೆ ಕೂರುತ್ತದೆ. ಆದರೆ ಇದೇ ಲೋಹದ 13 ಪರಮಾಣುಗಳ ಗೊಂಚಲಿಗೆ, ಅಂದರೆ ಕ್ಲಸ್ಟರ್‌ಗೆ, ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಕೊಟ್ಟು ನೋಡಿ: ಆಮ್ಲಜನಕ ಬಡಿದರೂ ಅದು ಜಗ್ಗುವುದಿಲ್ಲ. 1989ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಸಲ್‌ಮನ್ ತಂಡ ಇದನ್ನು ವರದಿ ಮಾಡಿತು.

ಗೊಂಚಲು ಮಾಡಲು ಅಲ್ಯೂಮಿನಿಯಂ ಸರಳಿಗೆ ಲೇಸರ್ ಮಿಡಿತಗಳನ್ನು ಹೊಡೆದು ಲೋಹವನ್ನು ಆವಿ ಮಾಡುತ್ತಾರೆ. ಸರಳನ್ನು ತಿರುಗಿಸುತ್ತಾ ಮುಂದೆ ಸರಿಸುತ್ತಿರಬೇಕು. ಇಲ್ಲವಾದರೆ ಒಂದೇ ಕಡೆ ಗುಳಿ ಬಿದ್ದು ಗೊಂಚಲುಗಳ ಪ್ರಮಾಣ ಏರುಪೇರಾಗುತ್ತದೆ. ಆವಿಯನ್ನು ತಣಿಸುವುದು ಹೀಲಿಯಂ. ಅದರಲ್ಲಿ ನೀರಿನ ಪಸೆ ಉಳಿದಿದ್ದರೆ ಬೇಡದ ಆಕ್ಸೈಡ್‌ಗಳೂ ಹುಟ್ಟಿಕೊಳ್ಳುತ್ತವೆ. ಮುಂದಿನ ಕೊಳವೆಯಲ್ಲಿ ಒತ್ತಡ ಅರ್ಧ ಟಾರ್‌ನಷ್ಟಿದ್ದರೆ (ವಾತಾವರಣದ ಒತ್ತಡದ ಸುಮಾರು 1,500ರಲ್ಲಿ ಒಂದು ಪಾಲು), ಹೀಲಿಯಂ ಪರಮಾಣು ಎರಡು ಡಿಕ್ಕಿಗಳ ನಡುವೆ ಸರಾಸರಿ ಕಾಲು ಮಿಲಿಮೀಟರ್ ಸಾಗುತ್ತದೆ. ಅಲ್ಲಿಗೇ ಆಮ್ಲಜನಕವನ್ನು ಬಿಡುವುದು. ಒಂದು ಘನ ಸೆಂಟಿಮೀಟರ್‌ಗೆ ಹತ್ತು ಲಕ್ಷ ಕೋಟಿ ಅಣುಗಳಿದ್ದರೆ, ಪ್ರತಿ ಗೊಂಚಲಿಗೂ ಸುಮಾರು 0.2 ಮಿಲಿಸೆಕೆಂಡಿಗೊಮ್ಮೆ ಒಂದು ಅಣು ಬಡಿಯುತ್ತದೆ. ಕೊನೆಯಲ್ಲಿ ದ್ರವ್ಯರಾಶಿ ಮಾಪಕ ಉಳಿದ ಗೊಂಚಲುಗಳನ್ನು ತೂಕದ ಪ್ರಕಾರ ಎಣಿಸಿ, ಪ್ರತಿ ಗಾತ್ರಕ್ಕೂ ಒಂದು ಗೆರೆ ತೋರಿಸುತ್ತದೆ; ಎಣಿಕೆ ಹೆಚ್ಚಿದಷ್ಟೂ ಗೆರೆ ಎತ್ತರ.

ಎಡವುವುದು ಈ ಎಣಿಕೆಯಲ್ಲೇ. ಆಮ್ಲಜನಕ ಹೆಚ್ಚಿಸಿದಂತೆ 13ರ ಗೆರೆ ಉಳಿಯುವುದಷ್ಟೇ ಅಲ್ಲ, ಬೆಳೆಯಲೂಬಹುದು! ಏಕೆಂದರೆ ಆಮ್ಲಜನಕ ಗೊಂಚಲಿಗೆ ಸುಮ್ಮನೆ ಅಂಟಿಕೊಳ್ಳುವುದಿಲ್ಲ. ಒಂದು ಅಣು ನಾಲ್ಕು ಅಲ್ಯೂಮಿನಿಯಂಗಳನ್ನು ಎರಡು Al₂O (ಎರಡು ಅಲ್ಯೂಮಿನಿಯಂ, ಒಂದು ಆಮ್ಲಜನಕದ ಅಣು) ಆಗಿ ಕಿತ್ತೊಯ್ಯುತ್ತದೆ. 17ರಲ್ಲಿ ನಾಲ್ಕು ಹೋದರೆ 13. ಹಾಗಾಗಿ ಗೆರೆ ಬೆಳೆದದ್ದನ್ನೇ ಸ್ಥಿರತೆಯ ಅಳತೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 13ನ್ನು ಮೊದಲೇ ಬೇರ್ಪಡಿಸಿಕೊಂಡು ಡಿಕ್ಕಿ ಹೊಡೆಸುವುದೇ ಸರಿಯಾದ ದಾರಿ.

ಹಠಕ್ಕೆ ಕಾರಣ? ಬಂಧಕ್ಕೆ ಸಿಗುವ ಎಲೆಕ್ಟ್ರಾನ್‌ಗಳು ಪ್ರತಿ ಪರಮಾಣುವಿಗೆ ಮೂರರಂತೆ 39, ಹೆಚ್ಚಿಗೆ ಕೊಟ್ಟ ಒಂದು ಸೇರಿ 40. ಇಡೀ ಗೊಂಚಲನ್ನು ಒಂದೇ ದೊಡ್ಡ ಪರಮಾಣು ಎಂದು ನೋಡಿದರೆ 40ಕ್ಕೆ ಅದರ ಕವಚ, ಅಂದರೆ ಎಲೆಕ್ಟ್ರಾನ್‌ಗಳು ಕೂರುವ ಪದರ, ಭರ್ತಿ. ಈ ವಿವರಣೆ ಚೆನ್ನಾಗಿದೆ, ಆದರೆ ಸಾಲದು. ಕವಚ ಭರ್ತಿಯಾಗದ, ಬೆಸಸಂಖ್ಯೆಯ ಪರಮಾಣುಗಳ ಗೊಂಚಲುಗಳೂ ಸಮಸಂಖ್ಯೆಯವಕ್ಕಿಂತ ನಿಧಾನವೇ. ಪರಮಾಣುಗಳು ಬೆಸವಾದರೆ, ಹೆಚ್ಚಿನ ಒಂದು ಸೇರಿ ಎಲೆಕ್ಟ್ರಾನ್‌ಗಳು ಸಮವಾಗಿ ಎಲ್ಲವೂ ಜೋಡಿಯಾಗುತ್ತವೆ. ಸಾಮಾನ್ಯ ಆಮ್ಲಜನಕದಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನ್‌ಗಳಿವೆ. ಎಲ್ಲವೂ ಜೋಡಿಯಾಗಿರುವ ಗೊಂಚಲಿನೊಂದಿಗೆ ಬೆರೆಯಬೇಕಾದರೆ ಸ್ಪಿನ್ (ಎಲೆಕ್ಟ್ರಾನ್‌ನ ಕಾಂತೀಯ ಗುಣ; ಜೋಡಿಯಾದವುಗಳಲ್ಲಿ ಪರಸ್ಪರ ವಿರುದ್ಧ) ಬದಲಾಗಬೇಕು, ಅದು ಸುಲಭಕ್ಕೆ ಆಗದು. 2008ರಲ್ಲಿ ಈ ವಾದ ಪರೀಕ್ಷೆಗೆ ಬಂತು: ಸ್ಪಿನ್ ಜೋಡಿಯಾದ, ಉದ್ರಿಕ್ತ (ಹೆಚ್ಚು ಶಕ್ತಿಯ) ಆಮ್ಲಜನಕವನ್ನು ಬಿಟ್ಟಾಗ ಬೆಸಸಂಖ್ಯೆಯವೂ ಚುರುಕಾದವು. ಗೊಂಚಲಿಗೆ ಒಂದೇ ಒಂದು ಹೈಡ್ರೋಜನ್ ಪರಮಾಣು ಸೇರಿಸಿದಾಗ, ಅದರ ಒಂದು ಎಲೆಕ್ಟ್ರಾನ್‌ನಿಂದ ಜೋಡಿಯ ಲೆಕ್ಕ ಬದಲಾಗಿ, ಸರದಿ ತಿರುಗಿತು: ಸಾಮಾನ್ಯ ಆಮ್ಲಜನಕದೊಂದಿಗೇ ಬೆಸದವು ಬೇಗ ಉರಿದವು, ಸಮದವು ಹಿಂದೆ ಬಿದ್ದವು.