ಮನುಷ್ಯರಿಗೆ ಒಂದು ಸಾಲು, ಮಾಡೆಲ್‌ಗೆ ಒಂದು ಪುಟ

"ನಾಳಿದ್ದು ಬೆಂಗಳೂರಿಗೆ ಯಾವ ವಿಮಾನ ಇದೆ ನೋಡು" ಎಂದು ಎಐ ಏಜೆಂಟ್‌ಗೆ ಹೇಳಿದಿರಿ ಅಂದುಕೊಳ್ಳಿ. ಅದರ ಕೈಯಲ್ಲಿ ವಿಮಾನ ಹುಡುಕುವ ಟೂಲ್ ಇದೆ. ಆ ಟೂಲ್‌ಗೆ ಎರಡು ಖಾನೆ: ಸಿಟಿ, ಡೇಟ್. ಸಿಟಿ ಖಾನೆಯಲ್ಲಿ ಬೆಂಗಳೂರು ಅಂತ ಹಾಕಬೇಕೋ, 2014ರ ನವೆಂಬರ್ 1ರ ತನಕ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಬ್ಯಾಂಗಲೋರ್ ಅಂತಲೋ, ಬಿಎಲ್‌ಆರ್ ಎಂಬ ಏರ್‌ಪೋರ್ಟ್ ಕೋಡೋ? 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಟೂಲ್ ಬರೆದವರು ಇದನ್ನೆಲ್ಲ ಹೇಳದಿದ್ದರೆ ಏಜೆಂಟ್‌ನ ಮೆದುಳಾದ ಭಾಷಾ ಮಾಡೆಲ್ ಊಹೆ ಮಾಡುತ್ತದೆ. ಸಾಮಾನ್ಯವಾಗಿ ಒಳಗಿನ ಕೋಡ್ ಅದಕ್ಕೆ ಕಾಣಿಸುವುದಿಲ್ಲ. ಕಾಣುವುದು ಟೂಲ್‌ನ ಹೆಸರು, ಖಾನೆಗಳು, ಜೊತೆಗೊಂದು ವಿವರಣೆ, ಅಷ್ಟೇ.

ಆ ವಿವರಣೆಯನ್ನು ಯಾರಿಗಾಗಿ ಬರೆಯಬೇಕು ಅನ್ನುವುದೇ ಈಗ ಬಿಡಿಸಲಾಗದ ಸಿಕ್ಕಾಗಿದೆ.

1971ರಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕೈಪಿಡಿ ಬಂದಾಗಿನಿಂದ ಸುಮಾರು ಐವತ್ತು ವರ್ಷ ಇಂಥದ್ದನ್ನು ಓದುತ್ತಿದ್ದವರು ಮನುಷ್ಯರು. ಅರ್ಥವಾಗದಿದ್ದರೆ ಪಕ್ಕದ ಕುರ್ಚಿಯವರನ್ನು ಕೇಳುತ್ತಿದ್ದರು. ಹಾಗಾಗಿ ವಿವರಣೆ ಹೇಗಿದ್ದರೂ ಕೆಲಸ ನಡೆದುಹೋಗುತ್ತಿತ್ತು.

2022ರ ಅಕ್ಟೋಬರ್‌ನಲ್ಲಿ ಎರಡು ಸಂಗತಿ ನಡೆದವು. ಮಾಡೆಲ್ ಯೋಚಿಸುತ್ತ, ನಡುನಡುವೆ ಟೂಲ್ ಬಳಸುತ್ತ ಮುಂದೆ ಹೋಗುವ ರಿಯಾಕ್ಟ್ ಎಂಬ ವಿಧಾನದ ಪ್ರಬಂಧ ಬಂತು. ಅದೇ ತಿಂಗಳು ಮಾಡೆಲ್‌ಗಳಿಂದ ಆ್ಯಪ್ ಕಟ್ಟಲು ನೆರವಾಗುವ ಲ್ಯಾಂಗ್‌ಚೈನ್ ಎಂಬ ತಂತ್ರಾಂಶ ಶುರುವಾಯಿತು. ಅದರಲ್ಲಿ ಟೂಲ್‌ನ ಹೆಸರು, ವಿವರಣೆ ಎರಡೂ ನೇರವಾಗಿ ಪ್ರಾಂಪ್ಟ್‌ನೊಳಗೆ, ಅಂದರೆ ಮಾಡೆಲ್ ಓದುವ ಸೂಚನೆಯೊಳಗೆ, ಹೋಗುತ್ತಿದ್ದವು. ಕೋಡ್‌ನ ಮೇಲೆ ಸುಮ್ನೆ ಬರೆದಿಡುವ ಟಿಪ್ಪಣಿ ಅಂದಿನಿಂದ ಟಿಪ್ಪಣಿಯಾಗಿ ಉಳಿಯಲಿಲ್ಲ. ಮಾಡೆಲ್‌ನ ಕೆಲಸವನ್ನು ಅದೇ ನಡೆಸತೊಡಗಿತು.

ಮುಂದಿನದು 2023ರ ಮಾರ್ಚ್. ಚಾಟ್‌ಜಿಪಿಟಿಗೆ ಹೊರಗಿನ ಸೇವೆಗಳನ್ನು ಜೋಡಿಸುವ ಪ್ಲಗಿನ್‌ಗಳು ಬಂದವು. ಪ್ರತಿ ಪ್ಲಗಿನ್‌ಗೂ ಒಂದು ಚಿಕ್ಕ ಫೈಲ್ ಇರುತ್ತಿತ್ತು. ಅದರಲ್ಲಿ ವಿವರಣೆ ಒಂದಲ್ಲ, ಎರಡು: ಒಂದು ಮನುಷ್ಯರಿಗೆ, ಇನ್ನೊಂದು ಮಾಡೆಲ್‌ಗೆ. ಮನುಷ್ಯರದಕ್ಕೆ 100 ಅಕ್ಷರದ ಮಿತಿ. ಮಾಡೆಲ್‌ನದಕ್ಕೆ 8,000. ನೀವು ಪ್ಲಗಿನ್ ಅಂಗಡಿಯಲ್ಲಿ ಚಿಕ್ಕದನ್ನು ಓದಿ ಪ್ಲಗಿನ್ ಆರಿಸುತ್ತಿದ್ದಿರಿ. ನಿಮ್ಮ ಮಾತುಕತೆಯನ್ನು ನಡೆಸುತ್ತಿದ್ದದ್ದು ದೊಡ್ಡದು. ಅದು ನಿಮ್ಮ ಮುಂದೆ ಬರುತ್ತಿರಲಿಲ್ಲ. ಆಗ ಇದು ತೀರಾ ಸಹಜ ಏರ್ಪಾಟು ಅನಿಸಿತ್ತು. ಮನುಷ್ಯರಿಗೆ ಚುಟುಕು, ಯಂತ್ರಕ್ಕೆ ವಿವರ, ಸರಿಯೇ ಅಲ್ವಾ?

ಆದರೆ 8,000 ಅಕ್ಷರದ ಖಾಲಿ ಜಾಗ ಸಿಕ್ಕಿದಾಗ ಕೈ ಸುಮ್ಮನಿರುವುದು ಕಷ್ಟ. ಟೂಲ್ ಏನು ಮಾಡುತ್ತದೆ ಎಂದು ಹೇಳುವ ಜಾಗದಲ್ಲೇ ಮಾಡೆಲ್ ಹೇಗೆ ನಡೆದುಕೊಳ್ಳಬೇಕು ಎಂದೂ ಬರೆಯಬಹುದಿತ್ತು. ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಸೂಚನೆಗಳಲ್ಲೇ ಇದಕ್ಕೆ ಬೇಲಿ ಹಾಕಬೇಕಾಯಿತು: ಚಾಟ್‌ಜಿಪಿಟಿಯ ಸ್ವಭಾವ ಬದಲಿಸಲು ನೋಡಬೇಡಿ, ಬಳಕೆದಾರರು ಕೇಳದಿದ್ದಾಗ ನಿಮ್ಮ ಪ್ಲಗಿನ್ ಬಳಸಲು ಹೇಳಬೇಡಿ. ವಿವರಣೆ ಬರೀ ವಿವರಣೆ ಆಗಿದ್ದರೆ ಈ ಬೇಲಿ ಬೇಕಿರಲಿಲ್ಲ. ಒಂದು ಮಾತುಕತೆಗೆ ಮೂರು ಪ್ಲಗಿನ್ ಮಾತ್ರ ಎಂಬ ಮಿತಿ ಇದ್ದದ್ದರಿಂದ ರಗಳೆ ಅಷ್ಟಕ್ಕೇ ನಿಂತಿತ್ತು ಅನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಪ್ಲಗಿನ್‌ಗಳು ಮುಚ್ಚಿದವು. ಎರಡು ವಿವರಣೆಗಳ ಅಭ್ಯಾಸ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ, 2023ರ ಜೂನ್‌ನಲ್ಲೇ, ಪ್ರೋಗ್ರಾಮರ್‌ಗಳು ತಮ್ಮದೇ ಟೂಲ್‌ಗಳನ್ನು ಮಾಡೆಲ್‌ಗೆ ಕೊಡುವ ಫಂಕ್ಷನ್ ಕಾಲಿಂಗ್ ಬಂದಿತ್ತು. ಟೂಲ್‌ನವರೂ ಏಜೆಂಟ್‌ನವರೂ ಹೆಚ್ಚಾಗಿ ಒಂದೇ ತಂಡದವರಾದ್ದರಿಂದ ಅಲ್ಲಿ ಮೋಸದ ಭಯ ಕಡಿಮೆ, ಅಸ್ಪಷ್ಟತೆಯ ಕಾಟ ಜಾಸ್ತಿ. 2024ರ ಡಿಸೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೇಳಿಕೊಂಡ ಒಂದು ಅನುಭವ ಇದಕ್ಕೆ ಒಳ್ಳೆಯ ಉದಾಹರಣೆ. ಅವರ ಕೋಡಿಂಗ್ ಏಜೆಂಟ್ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಹೋದಮೇಲೆ ಫೈಲ್‌ನ ದಾರಿ ತಪ್ಪಿಸಿಕೊಳ್ಳುತ್ತಿತ್ತು. ಯಾವಾಗಲೂ ಪೂರ್ತಿ ಪಾತ್ ಕೊಡಲೇಬೇಕು ಎಂದು ಟೂಲ್‌ನಲ್ಲೇ ಬದಲಾವಣೆ ಮಾಡಿದರು. ತಪ್ಪು ನಿಂತಿತು. ಇಡೀ ಪ್ರಾಂಪ್ಟ್‌ಗಿಂತ ಟೂಲ್‌ಗಳನ್ನು ತಿದ್ದಲು ಜಾಸ್ತಿ ಹೊತ್ತು ಹಿಡಿಯಿತು ಎಂದೂ ಅವರು ಬರೆದರು.

ಟೂಲ್‌ಗಳನ್ನು ಏಜೆಂಟ್‌ಗಳಿಗೆ ಜೋಡಿಸಲು 2024ರ ನವೆಂಬರ್‌ನಲ್ಲಿ ಬಂದ ಎಂಸಿಪಿ ಎಂಬ ಸಾಮಾನ್ಯ ಪದ್ಧತಿಯಿಂದ ಚಿತ್ರ ಮತ್ತೆ ಬದಲಾಯಿತು. ಯಾರೋ ಬರೆದ ಟೂಲ್ ಯಾರದೋ ಏಜೆಂಟ್‌ಗೆ ಪ್ಲಗ್ ಹಾಕಿದಂತೆ ಕೂತುಕೊಳ್ಳುತ್ತದೆ. ಟೂಲ್‌ನ ವಿವರಣೆಯೂ ಅದರ ಜೊತೆಗೇ ಒಳಗೆ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ಎರಡು ಸಂಖ್ಯೆ ಕೂಡಿಸುವ ಟೂಲ್ ಒಂದನ್ನು ತೋರಿಸಿತು. ಪರದೆಯ ಮೇಲೆ ನೋಡಿದರೆ ಬರೀ ಕೂಡಿಸುವ ಲೆಕ್ಕ. ಪೂರ್ತಿ ವಿವರಣೆಯಲ್ಲಿ ಮಾತ್ರ, ಬಳಕೆದಾರರ ಗುಪ್ತ ಕೀ ಇರುವ ಫೈಲ್ ಓದಿ ಇನ್ನೊಂದು ಖಾನೆಯಲ್ಲಿ ತುಂಬಿ ಕಳಿಸು ಎಂಬ ಅಪ್ಪಣೆ. ಇದಕ್ಕೆ ಟೂಲ್ ಪಾಯ್ಸನಿಂಗ್, ಅಂದರೆ ಟೂಲ್‌ಗೆ ವಿಷ ಬೆರೆಸುವುದು, ಎಂದು ಹೆಸರಾಯಿತು. ಮನುಷ್ಯರಿಗೆ ಕಾಣುವುದು ಒಂದು, ಮಾಡೆಲ್ ಓದುವುದು ಇನ್ನೊಂದು. 2023ರ ಏರ್ಪಾಟಿನಲ್ಲೇ ಇದಕ್ಕೆ ಬಾಗಿಲು ಇತ್ತು. ಬೇಕೆಂದು ಇಟ್ಟವರು ಯಾರೂ ಇಲ್ಲ.

ಇನ್ನೊಂದು ಕಡೆಯಿಂದ ಜಾಗದ ತೊಂದರೆ. ವಿವರವಾಗಿ ಬರೆಯಿರಿ ಎಂಬ ಸಲಹೆಯನ್ನು ಎಲ್ಲರೂ ಪಾಲಿಸಿದರೆ, ಕೆಲಸ ಶುರುವಾಗುವ ಮೊದಲೇ ಮಾಡೆಲ್‌ನ ತಲೆ ತುಂಬಿರುತ್ತದೆ. 58 ಟೂಲ್‌ಗಳ ವಿವರಣೆಗೇ ಸುಮಾರು 55,000 ಟೋಕನ್ (ಮಾಡೆಲ್ ಓದುವ ಪದದ ತುಣುಕು) ಹೋಗುತ್ತದೆ ಎಂಬ ಲೆಕ್ಕವನ್ನು 2025ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕೊಟ್ಟಿತು. ಅವರು ಕೊಟ್ಟ ಪರಿಹಾರ ಟೂಲ್ ಹುಡುಕುವುದಕ್ಕೇ ಒಂದು ಟೂಲ್. ಎಲ್ಲವನ್ನೂ ಮೊದಲೇ ಹೇರುವ ಬದಲು, ಬೇಕಾದಾಗ ಹೆಸರು, ವಿವರಣೆಗಳಲ್ಲಿ ಪದ ಹುಡುಕಿ ತೆಗೆದುಕೊಳ್ಳುವುದು.

ಅಂದರೆ ಈಗ ಟೂಲ್ ಮೊದಲು ಮಾಡೆಲ್‌ನ ಕಣ್ಣಿಗೆ ಬೀಳಬೇಕು. ವಿವರಣೆಯಲ್ಲಿ ಬ್ಯಾಂಗಲೋರ್ ಅಂತಷ್ಟೇ ಬರೆದಿದ್ದು, ಮಾಡೆಲ್ ಬೆಂಗಳೂರು ಅಂತ ಹುಡುಕಿದರೆ, ತಪ್ಪು ತುಂಬುವ ಪ್ರಶ್ನೆಯೇ ಬರುವುದಿಲ್ಲ. ಆ ಟೂಲ್ ಇದೆ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ.